ನಿಟ್ಟುಸಿರು ಬಿಡದ ಮೇಷ್ಟರು

ಆಟಕ್ಕೂ ನನಗೂ ಮೊದಲಿನಿಂದಲೂ ಅಷ್ಟಾಗಿ ಸ್ನೇಹವಿಲ್ಲ. ಗೋಲಿಯಾಡಲು ಹೋಗಿ, ಇದ್ದ ಗೋಲಿಗಳನ್ನೆಲ್ಲ ಕಳೆದುಕೊಂಡು, ಬರಿಗೈಯಲ್ಲಿ ಮನೆಗೆ ಬಂದವನು ನಾನು. ಬುಗುರಿಗೆ ಚಾಟಿ ಸುತ್ತುವ ವಿದ್ಯೆ ನನಗೆ ಕೊನೆಗೂ ಕೈಹತ್ತಲಿಲ್ಲ. ಅಂಥವನು ದೊಡ್ಡವನಾಗಿ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕನಾದುದರಲ್ಲಿ ಆಶ್ಚರ್ಯವೇನೂ ಇಲ್ಲ. "ಆಡಲು ಬಾರದವರು ಓದುತ್ತಾರೆ, ಓದಿದವರು ಬೇರೆಯವರ ಆಟ ಕೆಡಿಸುತ್ತಾರೆ" ಎಂದು ನನ್ನಾಕೆ ಒಮ್ಮೆ ಹೇಳಿದ್ದುಂಟು. ಯಾರನ್ನೋ ಕುರಿತು ಹೇಳಿದ ಮಾತೆಂದು ಆಗ ನಾನೂ ನಕ್ಕಿದ್ದೆ.

ಇಂಥ ನಾನು ಕಂಪ್ಯೂಟರಿನ ಆಟವನ್ನು ಕುರಿತು ಬರೆಯಲು ಕುಳಿತಿದ್ದೇನೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲವೆ? ಕಾರಣ, ಒಂದು ಸಹಿ.

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ. ಬಿ.ಎ. ತರಗತಿಗೆ ಬೆಡಗಿನ ವಚನಗಳನ್ನು ಪಾಠ ಹೇಳಿ ಹೊರಗೆ ಬಂದಿದ್ದೆ. ಬೆಡಗಿನ ವಚನವೆಂದರೆ ಒಗಟಿನ ಅಣ್ಣ. ಅರ್ಥ ಥಟ್ಟನೆ ಕೈಗೆ ಸಿಗುವುದಿಲ್ಲ. "ತಪ್ಪಾದರೂ ಚಿಂತೆಯಿಲ್ಲ, ನಿಮಗೆ ತೋಚಿದ್ದು ಹೇಳಿ" ಎಂದು ಹುಡುಗರನ್ನು ಹುರಿದುಂಬಿಸಿ, ಅವರು ಹೇಳಿದ ತಪ್ಪು ಅರ್ಥಗಳಿಗೂ ತಲೆದೂಗಿ, ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿಕೊಳ್ಳುತ್ತ ಕೊಠಡಿಗೆ ಬಂದರೆ ಮಗಳ ಶಾಲೆಯಿಂದ ಫೋನು. ಒಮ್ಮೆ ಬಂದು ಹೋಗಬೇಕೆಂದು ಅವಳ ತರಗತಿಯ ಮೇಡಮ್ಮು ಹೇಳಿದರು.

ನನ್ನ ಮಗಳು ಪುಟ್ಟಿ ಆಗ ಮೂರನೆಯ ತರಗತಿ. ಮೇಡಮ್ಮು ಅವಳ ಲೆಕ್ಕದ ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟರು. ಇಪ್ಪತ್ತಕ್ಕೆ ಆರು. ಕೆಳಗೆ ನನ್ನ ಸಹಿ. ನಾನು ಕನ್ನಡದಲ್ಲಿ ಸಹಿ ಮಾಡಿ ಕೊನೆಯಲ್ಲಿ ಒಂದು ಉದ್ದನೆಯ ಬಾಲ ಎಳೆಯುತ್ತೇನೆ. ಆ ಬಾಲವೂ ಅಲ್ಲಿತ್ತು. ಕಳೆಯುವ ಲೆಕ್ಕದಲ್ಲಿ ತೋರದೆ ಹೋದ ಎಚ್ಚರವನ್ನೆಲ್ಲ ಪುಟ್ಟಿ ಆ ಬಾಲದಲ್ಲಿ ತೋರಿಸಿದ್ದಳು. ಆದರೆ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. "ಕನ್ನಡದ ಮೇಷ್ಟರು ತಮ್ಮ ಹೆಸರನ್ನೇ ತಪ್ಪು ಬರೆಯುವುದುಂಟೇ ಎಂದು ಅನುಮಾನ ಬಂತು ಸಾರ್" ಎಂದರು ಆ ತಾಯಿ. ಅವರು ನಗಲಿಲ್ಲ, ಗದರಲೂ ಇಲ್ಲ. "ಮಗುವನ್ನು ಏನೂ ಅನ್ನಬೇಡಿ" ಎಂದಷ್ಟೇ ಹೇಳಿ ಕಳುಹಿಸಿದರು.

ನಾನು ಏನೂ ಅನ್ನಲಿಲ್ಲ. ಆ ರಾತ್ರಿ ನನ್ನಾಕೆಯ ಹತ್ತಿರ ಮಾತ್ರ ಗೊಣಗಿದೆ: "ನಾನು ಅವಳಿಗೆ ಒಂದು ದಿನವೂ ಹೊಡೆದವನಲ್ಲ. ಬೈದದ್ದೂ ಕಡಮೆ. ಹೀಗೇಕೆ ಹೆದರಬೇಕು?"

ಅವಳು ಹಾಸಿಗೆ ಕೊಡವುತ್ತಲೇ ಹೇಳಿದಳು: "ನೀವು ಬೈಯುವುದಿಲ್ಲ, ಅದೇ ತೊಂದರೆ. ಬೈದರೆ ಅಲ್ಲಿಗೆ ಮುಗಿದುಹೋಗುತ್ತೆ. ಅವಳು ಲೆಕ್ಕ ತಪ್ಪಿದಾಗಲೆಲ್ಲ ನೀವು ಒಂದು ನಿಟ್ಟುಸಿರು ಬಿಡುತ್ತೀರಿ. ಅದು ಅಡಿಗೆಮನೆಯವರೆಗೂ ಕೇಳಿಸುತ್ತೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿಟ್ಟುಸಿರು ಬಿಡಲೂ ಧೈರ್ಯವಾಗಲಿಲ್ಲ. ಸಹಿಯ ವಿಷಯವನ್ನು ನಾನು ಎತ್ತಲಿಲ್ಲ, ಪುಟ್ಟಿಯೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ನಾವಿಬ್ಬರೂ ಅದರ ಸುತ್ತ ಹುಷಾರಾಗಿ ಓಡಾಡಿಕೊಂಡಿದ್ದೆವು.

ಗೌರಿಹಬ್ಬಕ್ಕೆ ನನ್ನಾಕೆಯ ತಮ್ಮ ಬೆಂಗಳೂರಿನಿಂದ ಬಂದ. ಕಂಪ್ಯೂಟರಿನ ಕೆಲಸದವನು. ಬರುವಾಗ ಅಕ್ಕನಿಗೆ ಬಾಗಿನದ ಜೊತೆಗೆ ಒಂದು ಹಳೆಯ ಲ್ಯಾಪ್‌ಟಾಪನ್ನೂ ತಂದಿದ್ದ. "ಭಾವ, ಇದರಲ್ಲಿ ಪುಟ್ಟಿಗೆ ಆಟ ಹಾಕಿದ್ದೇನೆ. ಲೆಕ್ಕವೂ ಇದೆ, ಒಗಟೂ ಇದೆ" ಎಂದ. ನಾನು, "ಲೆಕ್ಕಕ್ಕೆ ಆಟದ ವೇಷ ಹಾಕುವುದೆಂದರೆ ಕಷಾಯಕ್ಕೆ ಬೆಲ್ಲ ಹಾಕಿದ ಹಾಗೆ. ಮಗುವಿಗೆ ಬೆಲ್ಲದ ರುಚಿ ಹತ್ತುತ್ತದೆ, ಕಷಾಯ ಬಟ್ಟಲಲ್ಲೇ ಉಳಿಯುತ್ತದೆ" ಎಂದೆ. ಮಾತು ಚೆನ್ನಾಗಿದೆಯೆಂದು ನನಗೇ ಅನ್ನಿಸಿತು. ಅವನು ಕೇಳಿಸಿಕೊಳ್ಳಲೇ ಇಲ್ಲ. ಆಗಲೇ ಪುಟ್ಟಿಯ ಪಕ್ಕದಲ್ಲಿ ಕುಳಿತಿದ್ದ.

ನನ್ನ ಅನುಮಾನ ಪೂರ್ತಿ ಸುಳ್ಳಲ್ಲ. ಕಲಿಸುವ ಆಟವೆಂದು ಹೆಸರಿಟ್ಟುಕೊಂಡ ಎಷ್ಟೋ ಆಟಗಳು ಬಣ್ಣ ಬಳಿದ ಪರೀಕ್ಷೆಗಳೇ. ಏಳೂ ಎಂಟೂ ಎಷ್ಟೆಂದು ಕೇಳುವುದು, ಹದಿನೈದೆಂದರೆ ಚಪ್ಪಾಳೆ ತಟ್ಟುವುದು. ಇನ್ನು ಕೆಲವು ಮಗುವನ್ನು ಆಟದ ನಡುವೆ ನಿಲ್ಲಿಸಿ ಅಪ್ಪನ ಜೇಬಿಗೆ ಕೈ ಚಾಚುತ್ತವೆ. ಇದಕ್ಕೆ ಬೇರೆಯ ದಾರಿಯೊಂದನ್ನು ತೋರಿಸಿದವರಲ್ಲಿ ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞ ಮುಖ್ಯನು. ಅಮೆರಿಕದಲ್ಲಿ ಅವನೂ ಅವನ ಸಂಗಡಿಗರೂ ಸೇರಿ 1967ರಲ್ಲಿ ಮಕ್ಕಳಿಗಾಗಿಯೇ ಲೋಗೊ ಎಂಬ ಕಂಪ್ಯೂಟರ್ ಭಾಷೆಯನ್ನು ಕಟ್ಟಿದರು. ಅದರಲ್ಲಿ ಒಂದು ಆಮೆಯಿದೆ. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ಮಗು ಹೇಳಿದಂತೆ ಅದು ನಡೆದು ಗೆರೆ ಎಳೆಯುತ್ತದೆ. ಕಂಪ್ಯೂಟರು ಮಗುವನ್ನು ನಡೆಸಬಾರದು, ಮಗು ಕಂಪ್ಯೂಟರನ್ನು ನಡೆಸಬೇಕು ಎಂಬುದು 1980ರಲ್ಲಿ ಪೇಪರ್ಟ್ ಬರೆದ ಪುಸ್ತಕದ ತಿರುಳು. ಚೌಕ ಬರೆಯಹೊರಟ ಆಮೆ ಸೊಟ್ಟಗೆ ಹೋದರೆ ಮಗು ಸೋತಂತಲ್ಲ. ಹೇಳಿದ ಮಾತಿನಲ್ಲಿ ಎಲ್ಲೋ ಒಂದು ಹುಳು ಇದೆ, ಅದನ್ನು ಹುಡುಕಿ ತೆಗೆಯಬೇಕು, ಅಷ್ಟೆ. ಕಂಪ್ಯೂಟರಿನವರು ತಪ್ಪಿಗೆ ಹುಳು ಎಂದೇ ಹೆಸರಿಟ್ಟಿದ್ದಾರೆ. ನನಗೆ ಆ ಮಾತು ಹಿಡಿಸಿತು. ಅಕ್ಕಿಯಲ್ಲಿ ಹುಳು ಕಂಡರೆ ನಾವು ಮೊರ ಹಿಡಿದು ಆರಿಸುತ್ತೇವೆ. ಅಕ್ಕಿಯ ಮುಂದೆ ಕುಳಿತು ನಿಟ್ಟುಸಿರು ಬಿಡುವುದಿಲ್ಲ.

ಭಾವಮೈದುನ ತಂದ ಆಟದ ಹೆಸರು ಜಿಕಾಂಪ್ರಿ. ಫ್ರಾನ್ಸ್ ದೇಶದ ಬ್ರೂನೊ ಕುದ್ವಾಂ ಎಂಬ ಎಂಜಿನಿಯರು 2000ದಲ್ಲಿ ಇದನ್ನು ಹೊರತಂದನು. ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಹಂಚಬಹುದು, ತಿದ್ದಬಹುದು. ಎರಡರಿಂದ ಹತ್ತು ವರ್ಷದ ಮಕ್ಕಳಿಗೆಂದು ನೂರಕ್ಕೂ ಹೆಚ್ಚು ಆಟಗಳು ಒಂದೇ ಬುಟ್ಟಿಯಲ್ಲಿವೆ: ತಕ್ಕಡಿ ತೂಗಿಸುವುದು, ಅಂಕಿ ಕೂಡಿಸುವುದು, ಚದುರಂಗ, ಸುಡೋಕು. ಫ್ರೆಂಚಿನಲ್ಲಿ ಈ ಹೆಸರನ್ನು ಉಚ್ಚರಿಸಿದರೆ 'ನನಗೆ ಅರ್ಥವಾಯಿತು' ಎಂಬಂತೆ ಕೇಳಿಸುತ್ತದಂತೆ. ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದಾಗ ಬಹುಕಾಲದಿಂದ ಕೇಳದಿದ್ದ ಮಾತು ಅದು.

ಸಂಜೆ ಅರ್ಧ ಗಂಟೆ ಎಂದು ಕಟ್ಟು ಮಾಡಿದೆವು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಅಂಚಿನಿಂದ ನೋಡುತ್ತಿದ್ದೆ. ಪುಟ್ಟಿಗೆ ಮೆಚ್ಚಾದ ಆಟ ಹನೋಯಿ ಗೋಪುರ. ಸಾಲಾಗಿ ಗೂಟಗಳು, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದಾಗಿ ಪೇರಿಸಿದ ಬಿಲ್ಲೆಗಳು. ಆ ಗೋಪುರವನ್ನು ಹಾಗೆಯೇ ಇನ್ನೊಂದು ಗೂಟಕ್ಕೆ ಸಾಗಿಸಬೇಕು. ಒಮ್ಮೆಗೆ ಒಂದೇ ಬಿಲ್ಲೆ. ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಇಡಲು ಹೋದರೆ ಬಿಲ್ಲೆ ಸದ್ದಿಲ್ಲದೆ ತನ್ನ ಜಾಗಕ್ಕೆ ವಾಪಸು ಹೋಗುತ್ತದೆ. ಮೂರು ಬಿಲ್ಲೆಗೆ ಏಳು ನಡೆ ಸಾಕು, ನಾಲ್ಕಕ್ಕೆ ಹದಿನೈದು, ಐದಕ್ಕೆ ಮೂವತ್ತೊಂದು. ಒಂದೊಂದು ಬಿಲ್ಲೆ ಹೆಚ್ಚಿದಂತೆ ನಡೆಗಳು ಇಮ್ಮಡಿಯಾಗಿ, ಮೇಲೆ ಒಂದು.

ಈ ಆಟದ ಹುಟ್ಟನ್ನು ಕೇಳಿದರೆ ನಿಮಗೂ ಮೋಜೆನಿಸೀತು. ಕಂಪ್ಯೂಟರು ಹುಟ್ಟುವುದಕ್ಕೆ ಎಷ್ಟೋ ಮೊದಲು, 1883ರಲ್ಲಿ, ಎದ್ವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತದ ಮೇಷ್ಟರು ಇದನ್ನು ಮರದ ಆಟಿಕೆಯಾಗಿ ಹೊರತಂದನು. ಆದರೆ ತನ್ನ ಹೆಸರು ಹಾಕಲಿಲ್ಲ. ತನ್ನ ಹೆಸರಿನ, ತಾನು ಹುಟ್ಟಿದ ಊರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಸಯಾಮಿನ ಕ್ಲಾಸ್ ಎಂಬ ಹೆಸರು ಕಟ್ಟಿ, ಅದನ್ನು ಹಾಕಿದನು. ಇದನ್ನು ಓದಿದಾಗ, ಇಲ್ಲದ ಸಹಿ ಹಾಕಿದವಳು ನನ್ನ ಮಗಳೊಬ್ಬಳೇ ಅಲ್ಲವೆಂದು ನನಗೆ ತುಸು ಸಮಾಧಾನವಾಯಿತು.

ಆಟದ ಜೊತೆಗೆ ಒಂದು ಕಥೆಯೂ ಹಬ್ಬಿತು. ಕಾಶಿಯ ಗುಡಿಯೊಂದರಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳ ಇಂಥ ಗೋಪುರವಿದೆ; ಪುರೋಹಿತರು ಹಗಲೂ ರಾತ್ರಿ ಬಿಲ್ಲೆ ಸಾಗಿಸುತ್ತಿದ್ದಾರೆ; ಅದು ಮುಗಿದ ದಿನ ಪ್ರಳಯ. ಕಾಶಿಗೆ ಹೋಗಿಬಂದ ನನ್ನ ತಾಯಿಗೆ ಈ ಕಥೆ ಹೇಳಿದೆ. "ಅಂಥ ಗುಡಿ ನಮಗೆ ಯಾರೂ ತೋರಿಸಲಿಲ್ಲವಲ್ಲೋ! ಪ್ರಳಯ ಯಾವಾಗಂತೆ?" ಎಂದಳು. ಒಟ್ಟು ನಡೆಗಳು 1,84,46,74,40,73,70,95,51,615. ಕ್ಷಣಕ್ಕೊಂದು ನಡೆಯೆಂದರೂ ಸುಮಾರು 58,500 ಕೋಟಿ ವರ್ಷ ಬೇಕು. ನಮ್ಮ ಪುರಾಣದ ಒಂದು ಕಲ್ಪಕ್ಕೆ 432 ಕೋಟಿ ವರ್ಷ. ಆ ಲೆಕ್ಕದಲ್ಲಿ ನೂರಮೂವತ್ತೈದು ಕಲ್ಪಗಳಾದವು. "ಹಾಗಾದರೆ ರಾತ್ರಿಗೆ ಸಾರು ಮಾಡಬಹುದು" ಎಂದು ಅಮ್ಮ ಎದ್ದುಹೋದಳು.

ಕಥೆ ಪರದೇಶದವರದಾದರೂ ಬುದ್ಧಿಯ ಆಟ ನಮಗೆ ಹೊಸದಲ್ಲ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂದು ಭಾಗವನ್ನೇ, ಕೌತುಕನಿಧಿ ಎಂಬ ಹೆಸರಿನಲ್ಲಿ, ಆಟಗಳಿಗೆಂದು ಮೀಸಲಿಟ್ಟರು. ಅರಸನಿಗೆ ಬೇಡವಾಗದ ಆಟ ಅಧ್ಯಾಪಕನಿಗೆ ಏಕೆ ಬೇಡ? ಹೀಗೆಂದುಕೊಂಡು, ಒಂದು ಸಂಜೆ ಪತ್ರಿಕೆಯನ್ನು ಮಡಿಸಿಟ್ಟು, "ಎಲ್ಲಿ, ನಾನೂ ಒಂದು ಕೈ ನೋಡುತ್ತೇನೆ" ಎಂದೆ. ಪುಟ್ಟಿ ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟಳು.

ಮೂರು ಬಿಲ್ಲೆಯನ್ನು ಗೆದ್ದೆ. ನಾಲ್ಕು ಬಿಲ್ಲೆಗೆ ಬರುವಷ್ಟರಲ್ಲಿ ಗೋಲಿ ಕಳೆದುಕೊಂಡ ಬಾಲ್ಯ ಮರಳಿ ಬಂತು. ದೊಡ್ಡ ಬಿಲ್ಲೆಯನ್ನು ಎತ್ತುವ ಆತುರ ನನಗೆ; ಅದರ ಮೇಲಿನವು ಬಿಡುವುದಿಲ್ಲ. ಒಂದನ್ನು ಮುಂದೆ ಸಾಗಿಸಿದರೆ ಎರಡು ಹಿಂದಕ್ಕೆ ಬರುತ್ತವೆ. ಇಪ್ಪತ್ತು ನಡೆಯಾದರೂ ಗೋಪುರ ನಿಲ್ಲಲಿಲ್ಲ. ನನಗೆ ತಿಳಿಯದೆಯೇ ಒಂದು ನಿಟ್ಟುಸಿರು ಹೊರಬಿತ್ತು.

ಪಕ್ಕದಲ್ಲಿ ಪುಟ್ಟಿಯ ಹೆಗಲು ಸಣ್ಣಗೆ ಕುಗ್ಗಿತು. ಆಡುತ್ತಿದ್ದವನು ನಾನು, ಸೋತವನು ನಾನು, ಆದರೂ ಆ ಸದ್ದಿಗೆ ಅವಳ ಹೆಗಲು ಕುಗ್ಗಿತು. ಲೆಕ್ಕದ ಪುಸ್ತಕದ ಎದುರು ಅವಳ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೆ, ಹೆಗಲನ್ನು ನೋಡಿರಲಿಲ್ಲ.

ಒಂದು ಕ್ಷಣವಾದ ಮೇಲೆ ಅವಳೇ ಹೇಳಿದಳು: "ಅಪ್ಪ, ತಪ್ಪಿದರೆ ಏನೂ ಆಗೋದಿಲ್ಲ. ಮತ್ತೆ ಮೊದಲಿಂದ ಆಡು. ಇದು ಉಸ್ಸನ್ನೋದಿಲ್ಲ."

ನಾನು ಮತ್ತೆ ಮೊದಲಿನಿಂದ ಆಡಿದೆ. ಅವಳು ಹೇಳಿಕೊಟ್ಟಳು. ತಪ್ಪಿದೆ. "ಉಹೂಂ, ಚಿಕ್ಕದು ಮೊದಲು ಆ ಕಡೆಗೆ" ಎಂದಳು. ಮತ್ತೆ ತಪ್ಪಿದೆ. ಅವಳು ನಕ್ಕಳು, ಆ ನಗೆಯಲ್ಲಿ ನೋಯಿಸುವಂಥದು ಏನೂ ಇರಲಿಲ್ಲ. ಅವಳು ಆಟದ ಯಂತ್ರದಿಂದ ಕಲಿತದ್ದನ್ನು ನನಗೆ ಕಲಿಸುತ್ತಿದ್ದಳೆಂದು ಆಮೇಲೆ ಹೊಳೆಯಿತು. ಕಲಿಸುತ್ತಿದ್ದುದು ಬಿಲ್ಲೆ ಸಾಗಿಸುವುದನ್ನಲ್ಲ.

ಇಷ್ಟರಿಂದ ಪುಟ್ಟಿಗೆ ಕಳೆಯುವ ಲೆಕ್ಕ ಬಂದುಬಿಟ್ಟಿತೆಂದು ಓದುಗರು ತಿಳಿಯಬಾರದು. ಹಾಗೆ ಬರಲಿಲ್ಲ. ಬಿಲ್ಲೆ ಸಾಗಿಸುವುದೇ ಬೇರೆ, ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವುದೇ ಬೇರೆ. ಅದನ್ನು ಹುಣಸೆಬೀಜದಲ್ಲೇ ಹೇಳಿಕೊಡಬೇಕಾಯಿತು. ಹತ್ತು ಹತ್ತು ಬೀಜವನ್ನು ಚಿಂದಿಬಟ್ಟೆಯಲ್ಲಿ ಗಂಟು ಕಟ್ಟಿ, ಬಿಡಿ ಬೀಜ ಸಾಲದಾದಾಗ ಒಂದು ಗಂಟು ಬಿಚ್ಚುವುದು. ಯಂತ್ರಕ್ಕೆ ಬೇಸರವಿಲ್ಲ, ನಿಜ, ಸಂತೋಷವೂ ಇಲ್ಲ. ಗೋಪುರ ನಿಂತಾಗ ಪುಟ್ಟಿ ತಿರುಗಿ ನೋಡುವುದು ಪರದೆಯ ಮೇಲೆ ಬರುವ ಚಿತ್ರವನ್ನಲ್ಲ, ನಮ್ಮನ್ನು. ನಾವು ನೋಡಿದೆವೇ ಇಲ್ಲವೇ ಎಂದು ನೋಡುತ್ತಾಳೆ. ಆ ಕೆಲಸವನ್ನು ಯಾವ ಎಂಜಿನಿಯರೂ ನಮ್ಮಿಂದ ತೆಗೆದುಕೊಂಡಿಲ್ಲ.

ನಿಟ್ಟುಸಿರಿನ ಅಭ್ಯಾಸ ಒಂದೇ ದಿನಕ್ಕೆ ಹೋಗಲಿಲ್ಲ. ಅದು ಬರುವ ಸೂಚನೆ ಕಂಡರೆ ಕೆಮ್ಮಿನಲ್ಲಿ ಮುಗಿಸಿಬಿಡುತ್ತಿದ್ದೆ. "ಅಪ್ಪ, ಇದು ಕೆಮ್ಮಲ್ಲ" ಎಂದು ಪುಟ್ಟಿ ಒಂದು ದಿನ ಕಂಡುಹಿಡಿದಳು. ಅಂದಿನಿಂದ ಕೆಮ್ಮುವುದನ್ನೂ ಬಿಟ್ಟೆ.

ಕಾರ್ತಿಕದಲ್ಲಿ ಒಂದು ಸಂಜೆ ನಾನು ಪತ್ರಿಕೆ ಓದುತ್ತಿದ್ದಾಗ, ಅದರ ಮೇಲೆಯೇ ಒಂದು ಹಾಳೆ ಬಂದು ಕುಳಿತಿತು. ಲೆಕ್ಕದ ಉತ್ತರಪತ್ರಿಕೆ. ಇಪ್ಪತ್ತಕ್ಕೆ ಹನ್ನೊಂದು. ಪುಟ್ಟಿ ನನ್ನ ಮುಖವನ್ನು ನೋಡುತ್ತ ನಿಂತಿದ್ದಳು. ಎರಡು ತಪ್ಪುಗಳನ್ನು ತೋರಿಸಿ, "ಈ ಗಂಟು ಬಿಚ್ಚಲು ಮರೆತೆ, ಅಲ್ಲವೇ?" ಎಂದೆ. "ಹೌದು" ಎಂದಳು. ಲೇಖನಿ ತೆಗೆದು ಸಹಿ ಮಾಡಿ, ಬಾಲ ಎಳೆದೆ.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, ಅಷ್ಟು ದಿನ ನಾವಿಬ್ಬರೂ ಎತ್ತದಿದ್ದ ಮಾತನ್ನು ಅವಳೇ ಎತ್ತಿದಳು: "ಬಾಲ ನಾನು ಎಳೆದದ್ದೇ ಚೆನ್ನಾಗಿತ್ತು."

"ಒತ್ತಕ್ಷರ ಮಾತ್ರ ಬಿಟ್ಟುಹೋಗಿತ್ತು" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಇಪ್ಪತ್ತು ವರ್ಷ ಕನ್ನಡ ಕಲಿಸಿದ ನಾಲಗೆ. ಅದನ್ನು ನುಂಗಿಕೊಂಡು, "ಹೌದು, ಚೆನ್ನಾಗಿತ್ತು" ಎಂದೆ.