ಆಯ್ಕೆಯಾಗದವರ ಆಯ್ಕೆ

2011ರ ಏಪ್ರಿಲ್ 2ರ ರಾತ್ರಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಮಹೇಂದ್ರ ಸಿಂಗ್ ಧೋನಿ ಬಾರಿಸಿದ ಸಿಕ್ಸರಿನೊಂದಿಗೆ ಭಾರತವು ವಿಶ್ವಕಪ್ಪನ್ನು ಗೆದ್ದುಕೊಂಡಿತು. ಆ ಹೊಡೆತವನ್ನು ಕಂಡು ಕುಣಿದವರು ಕೋಟ್ಯಂತರ ಮಂದಿ. ಆದರೆ ಆ ತೋಳುಗಳ ಬಲವನ್ನು ಎಂಟು ವರ್ಷ ಮೊದಲೇ ಗುರುತಿಸಿ, ಕಾಗದದ ಮೇಲೆ ಬರೆದಿಟ್ಟವರೊಬ್ಬರಿದ್ದರು. ಅವರೇ ಪ್ರಕಾಶ್ ಪೋದ್ದಾರ್.

1940ರಲ್ಲಿ ಜನಿಸಿದ ಪೋದ್ದಾರರು ಬಂಗಾಳ ಮತ್ತು ರಾಜಸ್ಥಾನಗಳ ಪರವಾಗಿ ಆಡಿದ ದಾಂಡಿಗರು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಅವರು ಆಡಿದ ಪ್ರಥಮ ದರ್ಜೆಯ ಪಂದ್ಯಗಳು 74. ಬಾರಿಸಿದ ಶತಕಗಳು 11. ರಾಜ್ಯದ ಆಟಗಾರನೊಬ್ಬನಿಗೆ ಇದು ಹೆಮ್ಮೆಯ ಸಂಪಾದನೆಯೇ ಸರಿ. ಆದರೆ ಭಾರತ ತಂಡದ ಮಧ್ಯಮ ಸರದಿಯಲ್ಲಿ ಆಗ ಬೋರ್ಡೆ, ಪಟೌಡಿ, ಹನುಮಂತ ಸಿಂಗ್ ಮೊದಲಾದವರು ಬೇರೂರಿದ್ದರು. ಪೋದ್ದಾರರಿಗೆ ಟೆಸ್ಟ್ ಪಂದ್ಯವನ್ನಾಡುವ ಭಾಗ್ಯ ಕೊನೆಗೂ ಒದಗಲಿಲ್ಲ.

ಬಾಗಿಲವರೆಗೆ ಬಂದು ಒಳಗೆ ಕಾಲಿಡಲಾಗದೆ ಹಿಂದಿರುಗಿದವನ ಮನಸ್ಸು ಎರಡು ಬಗೆಯಾಗಬಹುದು. ತನಗೆ ದೊರೆಯದ್ದು ಇತರರಿಗೇಕೆ ಎಂಬ ಕಹಿ ಒಂದು. ತನಗಾದದ್ದು ಇನ್ನೊಬ್ಬನಿಗೆ ಆಗದಿರಲಿ ಎಂಬ ಕಾಳಜಿ ಇನ್ನೊಂದು. ಪೋದ್ದಾರರು ಯಾವ ಬಗೆಯವರೆಂಬುದು ಅವರು ಅರುವತ್ತು ದಾಟಿದ ಮೇಲೆ ಲೋಕಕ್ಕೆ ತಿಳಿಯಿತು.

2002ರಲ್ಲಿ ಕ್ರಿಕೆಟ್ ಮಂಡಲಿಯು ಪ್ರತಿಭೆಗಳನ್ನು ಹುಡುಕುವ ವಿಭಾಗವೊಂದನ್ನು ತೆರೆಯಿತು. ದಿಲೀಪ್ ವೆಂಗ್‌ಸರ್ಕಾರ್ ಅದರ ಮುಖ್ಯಸ್ಥರು. ದೊಡ್ಡ ನಗರದಲ್ಲಿ ಆಡುವ ಹುಡುಗನು ಆಯ್ಕೆಗಾರರ ಕಣ್ಣಿಗೂ ಪತ್ರಿಕೆಯವರ ಕಣ್ಣಿಗೂ ಸುಲಭವಾಗಿ ಬೀಳುತ್ತಾನೆ. ಸಣ್ಣ ಊರಿನವನನ್ನು ಕೇಳುವವರಾರು? ಆದ್ದರಿಂದ ಹಳೆಯ ಆಟಗಾರರು ಊರೂರಿಗೆ ಹೋಗಿ ಪಂದ್ಯಗಳನ್ನು ನೋಡಿ ವರದಿ ಬರೆಯಬೇಕೆಂದು ಗೊತ್ತಾಯಿತು. ತಂಡವನ್ನು ಆರಿಸುವ ಅಧಿಕಾರ ಇವರಿಗಿರಲಿಲ್ಲ. ಇದ್ದದ್ದು ಒಂದು ಜೊತೆ ಕಣ್ಣು, ಒಂದು ಲೇಖನಿ ಮಾತ್ರ.

2003ರಲ್ಲಿ ಪೋದ್ದಾರರು ಜಮ್‌ಶೆಡ್‌ಪುರಕ್ಕೆ ಹೋದಾಗ ರಾಂಚಿಯ ಯುವಕನೊಬ್ಬ ಅವರ ಕಣ್ಣಿಗೆ ಬಿದ್ದನು. ಅಂದು ಅವನು ಗಳಿಸಿದ ಓಟಗಳು ಶತಕವೇನೂ ಅಲ್ಲ. ಆದರೆ ಚೆಂಡಿಗೆ ಬೀಳುತ್ತಿದ್ದ ಪೆಟ್ಟಿನ ಸದ್ದೇ ಬೇರೆ. ಬಂಗಾಳದ ಮತ್ತೊಬ್ಬ ಹಳೆಯ ಆಟಗಾರರಾದ ರಾಜು ಮುಖರ್ಜಿಯವರ ಒಪ್ಪಿಗೆಯೂ ಪೋದ್ದಾರರಿಗೆ ದೊರೆಯಿತು. ಬರೆದ ವರದಿಯಲ್ಲಿ ಹೊಗಳಿಕೆಯ ಮಳೆಯಿರಲಿಲ್ಲ. ಹೊಡೆತದಲ್ಲಿ ಅಪಾರ ಬಲವುಂಟು, ವಿಕೆಟ್ಟುಗಳ ನಡುವೆ ಚೆನ್ನಾಗಿ ಓಡುತ್ತಾನೆ, ಆದರೆ ಆಟದ ತಂತ್ರ ಇನ್ನೂ ಪಳಗಬೇಕು, ವಿಕೆಟ್ ಕೀಪಿಂಗ್ ತಿದ್ದಿಕೊಳ್ಳಬೇಕು ಎಂಬುದು ಅದರ ಸಾರ. ಗುಣವನ್ನು ಕಂಡಷ್ಟೇ ನಿಚ್ಚಳವಾಗಿ ಕೊರತೆಯನ್ನೂ ಕಂಡ ಬರಹವದು.

ತೊಡಕೊಂದಿತ್ತು. ಆ ಯೋಜನೆಯಿದ್ದುದು ಹತ್ತೊಂಬತ್ತರೊಳಗಿನವರಿಗೆ. ಧೋನಿಗೆ ಆಗಲೇ 21. ನಿಯಮದ ಹೆಸರು ಹೇಳಿ ಕಡತವನ್ನು ಮುಚ್ಚಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಪೋದ್ದಾರರು ಹಾಗೆ ಬಿಡಲಿಲ್ಲ; ವೆಂಗ್‌ಸರ್ಕಾರರೂ ನಿಯಮಕ್ಕೆ ಜೋತುಬೀಳಲಿಲ್ಲ. ಮರುವರ್ಷ ಧೋನಿ ಭಾರತ ‘ಎ’ ತಂಡದೊಡನೆ ಕೀನ್ಯಾಕ್ಕೆ ಹೋಗಿ ಪಾಕಿಸ್ತಾನ ‘ಎ’ ತಂಡದ ಎದುರು ಶತಕಗಳನ್ನು ಬಾರಿಸಿದನು. 2004ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಭಾರತದ ಪರವಾಗಿ ಮೊದಲ ಪಂದ್ಯವನ್ನಾಡಿ, ಸೊನ್ನೆಗೆ ರನ್ ಔಟ್ ಆದನು! ಮುಂದಿನ ಕಥೆ ಮನೆಮನೆಗೂ ಗೊತ್ತು.

ಪ್ರಕಾಶ್ ಪೋದ್ದಾರರು 2022ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಬಾರಿಸಿದ 11 ಶತಕಗಳಿಗಿಂತ ಬರೆದ ಕೆಲವು ಸಾಲುಗಳಿಂದಲೇ ಜನ ಅವರನ್ನು ನೆನೆದರು. ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಎಳೆಯರ ಯೋಗ್ಯತೆಯನ್ನು ಅಳೆಯುವ ಹೊಣೆ ನಮ್ಮಲ್ಲಿ ಅನೇಕರ ಮೇಲೂ ಇದೆ. ತಾನು ದಾಟಲಾಗದ ಹೊಸ್ತಿಲನ್ನು ಇನ್ನೊಬ್ಬನಿಗೆ ದಾಟಿಸಿದ ಆ ಹಿರಿಯರನ್ನು ಆಗ ಒಮ್ಮೆ ನೆನೆದರೆ ನಷ್ಟವೇನೂ ಇಲ್ಲ.