ಬೀಗದ ಕೈ

ಕನ್ನಡದಲ್ಲಿ ಬೀಗಕ್ಕೂ ಒಂದು ಕೈ ಇದೆ. ಆ ಹೆಸರಿಟ್ಟವರ ಜಾಣತನ ನನಗೆ ಹೊಳೆದದ್ದು ಐವತ್ತೆರಡನೇ ವಯಸ್ಸಿನಲ್ಲಿ, ನಮ್ಮದೇ ಮುಂಬಾಗಿಲ ಎದುರು. ಬೀಗದ ಕೈ ಕಂಡಿಯೊಳಗೆ ಹೋಗಿ ಸರಿಯಾಗಿಯೇ ಕೂತಿತ್ತು. ತಿರುಗಿಸಬೇಕಾದ ನನ್ನ ಕೈ ಮಾತ್ರ ಒಪ್ಪಲಿಲ್ಲ. ಮಣಿಕಟ್ಟಿನ ಕಿರುಬೆರಳ ಪಕ್ಕದಲ್ಲಿ ದಬ್ಬಳ ಚುಚ್ಚಿದಂತಾಗಿ ತರಕಾರಿ ಚೀಲವನ್ನು ಅಲ್ಲೇ ಬಿಟ್ಟೆ. ಕೊನೆಗೆ ಎದುರುಮನೆಯ ಹುಡುಗ ಬಂದು ಬಾಗಿಲು ತೆಗೆದುಕೊಟ್ಟ. ಐದನೇ ಕ್ಲಾಸಿನವನು. "ಇಷ್ಟೇ ಆಂಟಿ" ಅಂದ.

ಶುರುವಾದದ್ದು ಅದಕ್ಕೆ ಎರಡು ವರ್ಷ ಮೊದಲು, ಬಚ್ಚಲಲ್ಲಿ. ಜಾರಿದೆ, ಬೀಳಬಾರದೆಂದು ಬಲಗೈ ಊರಿದೆ, ಆದರೂ ಬಿದ್ದೆ. ಊತ ನಾಲ್ಕು ದಿನದಲ್ಲಿ ಇಳಿಯಿತು. ಎಕ್ಸ್‌ರೇ ತೆಗೆಸಿದ್ದಾಯಿತು. "ಏನೂ ಇಲ್ಲಮ್ಮ, ನಾರ್ಮಲ್" ಎಂದರು. ಮೂಳೆ ಮುರಿಯಲಿಲ್ಲವಲ್ಲ ಎಂದು ಮನೆಯಲ್ಲಿ ಅಂದು ಪಾಯಸ. ಆ 'ನಾರ್ಮಲ್' ಎಂಬ ಪದ ಮುಂದೆ ನನಗೆ ಎಷ್ಟು ಕಾಟ ಕೊಟ್ಟಿತೆಂದರೆ, ಈಗಲೂ ಅದನ್ನು ಕೇಳಿದರೆ ಕೈ ಚುರುಕ್ ಎನ್ನುತ್ತದೆ.

ಯಾಕೆಂದರೆ ಈ ನೋವು ಸುಮ್ಮನೆ ಕೂತರೆ ಇರುವುದಿಲ್ಲ. ಬಟ್ಟೆ ಹಿಂಡಬೇಕು, ನಲ್ಲಿ ತಿರುಗಿಸಬೇಕು, ದೋಸೆ ಮಗುಚಬೇಕು, ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಚ್ಚಬೇಕು, ಆಗ ಬರುತ್ತದೆ. ಅಂದರೆ ಕೆಲಸ ಮಾಡುವಾಗ ಮಾತ್ರ ಬರುವ ನೋವು. ಇಂಥ ನೋವನ್ನು ಯಾರು ನಂಬುತ್ತಾರೆ ಹೇಳಿ? ನಮ್ಮತ್ತೆ ನೇರವಾಗಿ ಏನೂ ಅನ್ನಲಿಲ್ಲ. "ನಾವು ಒಳಕಲ್ಲಲ್ಲಿ ಹತ್ತು ಜನಕ್ಕೆ ರುಬ್ಬಿ, ಆಮೇಲೆ ಹಟ್ಟಿ ಗುಡಿಸ್ತಿದ್ವಿ" ಎಂದು ಗೋಡೆಗೆ ಹೇಳಿದರು. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಅದನ್ನು ಒರೆಸುವುದೇ ಕಷ್ಟವಾಗಿತ್ತು. ಮಕ್ಕಳ ಕೈಲಿ ಒರೆಸಿದೆ. ಮೇಡಂಗೆ ದರ್ಪ ಬಂತು ಎಂಬ ಮಾತು ಸ್ಟಾಫ್ ರೂಮಿಂದ ನನ್ನ ಕಿವಿಗೂ ಬಂತು.

ಒಂದು ತಪ್ಪೊಪ್ಪಿಗೆ ಇಲ್ಲೇ ಮಾಡಿಬಿಡುತ್ತೇನೆ. ಮದುವೆ ಮುಂಜಿಗಳಿಗೆ ಹೋಗುವಾಗ ಅಗತ್ಯವಿಲ್ಲದಿದ್ದರೂ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಹೋಗುತ್ತಿದ್ದೆ. ಅದಿದ್ದರೆ ಯಾರೂ ಸಾರಿನ ಬಕೆಟ್ಟು ಕೊಟ್ಟು "ಒಂದು ಸಾಲು ಬಡಿಸಿಬಿಡಿ" ಅನ್ನುತ್ತಿರಲಿಲ್ಲ. ನೋವಿಗೆ ಸಾಕ್ಷಿಯಿಲ್ಲ, ಬ್ಯಾಂಡೇಜಿಗೆ ಇದೆ.

ಹರಳೆಣ್ಣೆ ಹಚ್ಚಿದೆ, ಬಿಸಿ ಶಾಖ ಕೊಟ್ಟೆ, ಮಾತ್ರೆ ನುಂಗಿದೆ. ತವರಿಗೆ ಹೋದಾಗ ಅಣ್ಣ ಮಂಡ್ಯದ ಹತ್ತಿರ ಉಳುಕು ನೀವುವ ಒಬ್ಬ ಅಜ್ಜನ ಬಳಿ ಕರೆದೊಯ್ದ. ಅಜ್ಜ ಹೆಬ್ಬೆರಳಿಂದ ಒತ್ತಿ ಒತ್ತಿ ನೋಡಿ, ಒಂದು ಕಡೆ ನಾನು ಕಿರುಚಿದ ಮೇಲೆ ಕೈಬಿಟ್ಟರು. "ಉಳುಕಲ್ಲ ಕಣವ್ವ, ಇದು ನನ್ ಕೈಲಾಗೋದಲ್ಲ" ಅಂದರು. ದುಡ್ಡನ್ನೂ ಮುಟ್ಟಲಿಲ್ಲ. ಎರಡು ವರ್ಷದಲ್ಲಿ ನನ್ನ ನೋವನ್ನು ಒಪ್ಪಿದ ಮೊದಲ ಮನುಷ್ಯ ಅವರೇ.

ಕೊನೆಗೆ ಕೈ ಶಸ್ತ್ರಚಿಕಿತ್ಸೆಯನ್ನೇ ಕಲಿತ ಡಾಕ್ಟರೊಬ್ಬರು ಸಿಕ್ಕರು. ನನ್ನ ಶಿಷ್ಯರಷ್ಟೇ ವಯಸ್ಸು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ ಎಂದು ಹಾಳೆಯ ಮೇಲೆ ಬರೆದು ತೋರಿಸಿದರು, ಕೋಸಂಬರಿಗೆ ನೆನೆಹಾಕಿದ ಕಾಳುಗಳ ಹಾಗೆ. ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳ ಕಡೆಯದಕ್ಕೂ ಈ ಕಾಳುಗಳಿಗೂ ನಡುವೆ ಮೃದ್ವಸ್ಥಿಯ ಒಂದು ತ್ರಿಕೋನದ ಮೆತ್ತೆಯಿದೆ. ಅದಕ್ಕೂ ಅದನ್ನು ಬಿಗಿದಿಟ್ಟ ಅಸ್ಥಿರಜ್ಜುಗಳಿಗೂ ಸೇರಿಸಿ ಟಿಎಫ್‌ಸಿಸಿ ಎನ್ನುತ್ತಾರಂತೆ. 1981ರಲ್ಲಿ ಪಾಮರ್ ಮತ್ತು ವರ್ನರ್ ಎಂಬ ಇಬ್ಬರು ಅಮೆರಿಕದ ವೈದ್ಯರು ಇಟ್ಟ ಹೆಸರು. ಕೈ ಊರಿದಾಗ ಸುಮಾರು ಐದನೇ ಒಂದು ಪಾಲು ಭಾರ ಈ ಕಡೆಯಿಂದ ಇಳಿಯುತ್ತದೆ. ಅಂಗೈ ಮೇಲೆ ಕೆಳಗೆ ತಿರುಗುವಾಗ ಎರಡು ಮೂಳೆಗಳನ್ನು ಒಟ್ಟಿಗೆ ಹಿಡಿದಿಡುವುದೂ ಇದೇ. ಅಂದರೆ ಬೀಗ ತೆಗೆಯುವ ಕೆಲಸವೆಲ್ಲ ಇದರದ್ದು. ಬಟ್ಟೆಯಷ್ಟು ಮೆತ್ತಗಿನ ಈ ವಸ್ತು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಎಂಆರ್‌ಐ ಮಾಡಿಸಿದರೆ ಅದು 'ಹರಿದಿದ್ದರೂ ಇರಬಹುದು' ಎಂದಿತು. ಅಷ್ಟು ದುಡ್ಡು ಪೀಕಿ ಆ ಯಂತ್ರ ಹೇಳಿದ್ದು ನಮ್ಮತ್ತೆ ಹೇಳಿದ್ದಕ್ಕಿಂತ ಸ್ವಲ್ಪವೇ ಹೆಚ್ಚು.

"ಒಳಗೆ ಹೋಗಿ ನೋಡಿಬಿಡೋಣ ಮೇಡಂ. ಕೀಹೋಲ್. ನೋಡಿ, ಹರಿದಿದ್ದರೆ ಅಲ್ಲೇ ರಿಪೇರಿ" ಎಂದರು ಡಾಕ್ಟರು. ಬೀಗದ ಕಂಡಿ! ಯಾವ ಕಂಡಿಯ ಮುಂದೆ ಸೋತು ನಿಂತಿದ್ದೆನೋ ಅದೇ ಈಗ ನನ್ನ ಮಣಿಕಟ್ಟಿಗೆ ಬರಲಿತ್ತು. ಧಾರವಾಡದ ಕಡೆಯವರು ಬೀಗಕ್ಕೆ ಕೀಲಿ ಎನ್ನುತ್ತಾರೆ. 'ಕೀಲಿಗೆ' ಎಂದರೆ ಬೀಗಕ್ಕೋ ಮೈಯ ಕೀಲಿಗೋ ಹೇಳುವುದು ಕಷ್ಟ. ಕನ್ನಡ ಮೇಷ್ಟ್ರಾಗಿ ಇದನ್ನು ಡಾಕ್ಟರಿಗೆ ವಿವರಿಸಿದೆ. ಅವರು ರಕ್ತಪರೀಕ್ಷೆಯ ಚೀಟಿ ಬರೆದುಕೊಟ್ಟರು.

ಆ ವಾರ ಓದಿ ತಿಳಿದದ್ದು. ಕೀಲಿನೊಳಗೆ ಕೊಳವೆ ಹಾಕಿ ನೋಡುವ ವಿದ್ಯೆಗೆ ಟೋಕಿಯೊದ ಕೆಂಜಿ ತಕಾಗಿ ಎಂಬ ವೈದ್ಯರು ದಾರಿ ಹಾಕಿದರು. 1918ರಲ್ಲಿ ಮೂತ್ರಕೋಶ ನೋಡುವ ಉಪಕರಣವನ್ನು ಒಂದು ಶವದ ಮಂಡಿಗೆ ತೂರಿಸಿ ನೋಡಿದವರು ಅವರು. ಮಂಡಿಗೇ ಯಾಕೆ? ಆಗ ಅಲ್ಲಿ ಕ್ಷಯ ತಗುಲಿದ ಮಂಡಿಗಳು ಸೆಟೆದುಹೋಗುತ್ತಿದ್ದವು, ಮತ್ತು ಜಪಾನಿನಲ್ಲಿ ಮಂಡಿ ಮಡಚಲಾರದವನು ಮನೆಯಲ್ಲಿ ನಾಲ್ಕು ಜನರ ಜೊತೆ ಕೂರಲಾರ. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತು ಬೆಳೆದ ನನಗೆ ಈ ಕಾರಣ ಥಟ್ಟನೆ ಅರ್ಥವಾಯಿತು. ಅವರ ಶಿಷ್ಯ ಮಸಾಕಿ ವತನಾಬೆ ಒಂದಾದ ಮೇಲೊಂದು ಉಪಕರಣ ಮಾಡುತ್ತ ನಂಬರು ಹಾಕುತ್ತ ಹೋದರು. 21ನೆಯದು ಹೆಸರು ಮಾಡಿತು, ಆದರೆ ಅದರ ತುದಿಯ ಪುಟಾಣಿ ಬಲ್ಬು ಒಮ್ಮೊಮ್ಮೆ ಮಂಡಿಯೊಳಗೇ ಒಡೆಯುತ್ತಿತ್ತಂತೆ! 24ನೆಯದು ಬರೀ 1.7 ಮಿಲಿಮೀಟರ್ ದಪ್ಪ. ಅಷ್ಟು ಸಣ್ಣದಾದ ಮೇಲೇ ಮಣಿಕಟ್ಟಿನಂಥ ಇಕ್ಕಟ್ಟಿನ ಕೀಲುಗಳ ಸರದಿ ಬಂದದ್ದು. ಮಣಿಕಟ್ಟು ಮತ್ತು ಬೆರಳ ಕೀಲುಗಳನ್ನು ಹೀಗೆ ನೋಡುವ ಬಗ್ಗೆ ಚೆನ್ ಎಂಬ ವೈದ್ಯರು 1979ರಲ್ಲಿ ಬರೆದರು. ನಾನಾಗ ಸ್ಲೇಟು ಹಿಡಿದವಳು.

ಆಪರೇಷನ್ ದಿನ ಮೊದಲ ಜಗಳ ಬಳೆಯದ್ದು. ನರ್ಸ್ ಸೋಪುನೀರು ಹಾಕಿ ಒಂದೊಂದಾಗಿ ಜಾರಿಸುವಾಗ, ಮುತ್ತೈದೆಯ ಕೈ ಬರಿದು ಮಾಡಬೇಡಿ ಎಂದು ಅತ್ತೆ ಎಡಗೈಗೆ ಎರಡು ಜಾಸ್ತಿ ಏರಿಸಿದರು. ಆಮೇಲೆ ಕುತ್ತಿಗೆಯ ಬುಡದಲ್ಲಿ ಒಂದು ಇಂಜೆಕ್ಷನ್. ಅರ್ಧ ಗಂಟೆಯಲ್ಲಿ ಬಲಗೈ ಬೇರೆ ಯಾರದೋ ಆಯಿತು. ಬೆರಳುಗಳಿಗೆ ಜಾಲರಿಯಂಥ ತೊಡಿಗೆ ಹಾಕಿದರು. ಅದು ಎಳೆದಷ್ಟೂ ಬಿಗಿಯುತ್ತದೆ. ಒಂದು ಕಂಬಕ್ಕೆ ಆ ಬೆರಳುಗಳನ್ನು ಸಿಕ್ಕಿಸಿ, ಮೊಣಕೈ ಮಡಚಿ, ಐದು ಕೇಜಿಯಷ್ಟು ಜಗ್ಗು ಕೊಟ್ಟು ಕೈಯನ್ನು ನೇತುಹಾಕಿದರು. ಸಂತೆಯಲ್ಲಿ ಕಾಲು ಕಟ್ಟಿ ತೂಗುಬಿಟ್ಟ ನಾಟಿಕೋಳಿಯ ಹಾಗೆ ಕಂಡಿತು ನನ್ನ ಕೈ. ಹೀಗೆ ಜಗ್ಗಿದರೇ ಮೂಳೆಗಳ ನಡುವೆ ಕೊಳವೆ ಹೋಗುವಷ್ಟು ಸಂದಿಯಾಗುವುದು.

ಮಣಿಕಟ್ಟಿನ ಹಿಂಬದಿಯಲ್ಲಿ, ಸ್ನಾಯುರಜ್ಜುಗಳ ನಡುವೆ ಬೆರಳಿಂದ ತಡವಿ ಜಾಗ ಹುಡುಕಿ, ಕಡಲೆಬೀಜಕ್ಕಿಂತ ಚಿಕ್ಕದಾದ ಗಾಯ ಮಾಡಿದರು. ಚಾಕು ಚರ್ಮಕ್ಕೆ ಮಾತ್ರ. ಅಲ್ಲಿಂದ ಒಳಕ್ಕೆ ಮೊಂಡು ತುದಿಯ ಇಕ್ಕಳದಿಂದ ಬಿಡಿಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಸ್ಪರ್ಶದ ನರ ಕತ್ತರಿಸಿ ಹೋದೀತು. ಉಪ್ಪುನೀರು ಬಿಟ್ಟರು. ಟಿವಿ ಹೊತ್ತಿಕೊಂಡಿತು.

ನನ್ನ ಕೈಯ ಒಳಗು ಅಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಳನೀರಿನ ಗಂಜಿಯಂಥ ಬಿಳುಪು, ಅಂಚಿನಲ್ಲಿ ಕೆರೆಯ ಪಾಚಿಯಂತೆ ನೀರಲ್ಲಿ ತೂಗಾಡುವ ಗುಲಾಬಿ ಕುಚ್ಚುಗಳು. ಕುಚ್ಚುಗಳು ಚೆಂದವಲ್ಲ, ಉರಿಯೂತ ಎಂದು ಡಾಕ್ಟರು ತಿದ್ದಿದರು. ಇನ್ನೊಂದು ತೂತಿನಿಂದ ಒಂದು ಸಣ್ಣ ಕೊಕ್ಕೆ ಬಂತು. ಅದರಿಂದ ತ್ರಿಕೋನದ ಮೆತ್ತೆಯನ್ನು ಒತ್ತಿದರು. ಚೆನ್ನಾಗಿದ್ದರೆ ಕಾಯಿಸಿದ ತಮಟೆಯ ಹಾಗೆ ಪುಟಿಯಬೇಕಂತೆ. ನನ್ನದು ಮಳೆಯಲ್ಲಿ ನೆನೆದ ತಮಟೆ. ಒತ್ತಿದಲ್ಲಿ ಕುಸಿದು ಸುಮ್ಮನಾಯಿತು. ಕೊಕ್ಕೆ ಅಂಚಿಗೆ ಹೋಗಿ ಎತ್ತಿತು. ಮೆತ್ತೆ ಎದ್ದೇ ಬಂತು.

"ಕಂಡಿತಾ ಮೇಡಂ?"

ಕಂಡಿತು. ನನಗೆ ಅಳು ಬಂತು. ನೋವಿಗಲ್ಲ, ಕೈಗೆ ಪ್ರಜ್ಞೆಯೇ ಇರಲಿಲ್ಲವಲ್ಲ. "ಫೋಟೊ ತೆಗೀರಿ, ಮನೇಲಿ ತೋರಿಸ್ಬೇಕು" ಅಂದೆ.

ಅಂಚಿನಲ್ಲಿ ಹರಿದದ್ದು ನನ್ನ ಪುಣ್ಯವಂತೆ. ಈ ಮೆತ್ತೆಗೆ ರಕ್ತ ಬರುವುದು ಅಂಚಿನಿಂದ ಮಾತ್ರ, ನಡುಭಾಗಕ್ಕೆ ತಲುಪುವುದಿಲ್ಲ. ಅಂಚು ಹರಿದರೆ ಹೊಲಿಯಬಹುದು, ಕೂಡಿಕೊಳ್ಳುತ್ತದೆ. ನಡುವೆ ಹರಿದರೆ ಜೋತಾಡುವ ಚೂರು ಕತ್ತರಿಸಿ ಒಪ್ಪ ಮಾಡುವುದಷ್ಟೇ. ನಾಲೆಯ ಮೇಲ್ಭಾಗದ ಗದ್ದೆಗೂ ಕೊನೆಭಾಗದ ಗದ್ದೆಗೂ ಇರುವ ವ್ಯತ್ಯಾಸ ಇದು. ಮಂಡ್ಯದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊಣಕೈ ದಾಟಿದ ಪಟ್ಟಿ ಹಾಕಿ ಆರು ವಾರ ಕೂರಿಸಿದರು. ತೂತು ಎಷ್ಟೇ ಸಣ್ಣದಿರಲಿ, ಒಳಗೆ ಕೂಡಿಕೊಳ್ಳುವುದಕ್ಕೆ ಹಳೆಯ ಕಾಲದಷ್ಟೇ ಸಮಯ ಬೇಕು. ಇದನ್ನು ನಾನು ಮೊದಲೇ ಕೇಳಿ ತಿಳಿಯಬೇಕಿತ್ತು. ಎರಡು ದಿನದಲ್ಲಿ ಮನೆಗೆ ಬಂದವಳು ಮೂರನೇ ದಿನ ದೋಸೆ ಹುಯ್ಯುತ್ತೇನೆಂದು ಎಲ್ಲರೂ ಎಣಿಸಿದ್ದರು, ನಾನೂ. ಪಟ್ಟಿ ಬಿಚ್ಚಿದ ಮೇಲೆ ಮಣಿಕಟ್ಟು ಸೌದೆಯಂತಿತ್ತು. ಮೂರು ತಿಂಗಳು ಸ್ಪಂಜಿನ ಚೆಂಡು ಹಿಸುಕಿದೆ.

ಫೋಟೊಗಳನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಪಾಪ" ಅಂದರು. ಎರಡು ವರ್ಷ ಕಾದ ಮಾತು. ಆ ಖುಷಿಯಲ್ಲೇ ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ, "ನೋಡಿ, ನನ್ನ ನೋವಿಗೆ ಕೊನೆಗೂ ಸಾಕ್ಷಿ ಸಿಕ್ಕಿತು" ಎಂದೆ. ಅವರು ತುಸು ತಡೆದು, ವಯಸ್ಸಾದಂತೆ ಈ ಮೆತ್ತೆ ಎಷ್ಟೋ ಜನರಲ್ಲಿ ಸವೆದು ಹರಿದಿರುತ್ತದೆ, ಅವರಿಗೆ ನೋವೇ ಇರುವುದಿಲ್ಲ ಎಂದರು. ಹರಿದದ್ದು ಕಂಡಿತೆಂದರೆ ನೋವು ಅದರದ್ದೇ ಎಂದಾಗುವುದಿಲ್ಲವಂತೆ. ಒತ್ತಿದರೆ ಎಲ್ಲಿ ನೋಯುತ್ತದೆ, ಯಾವ ಕೆಲಸಕ್ಕೆ ನೋಯುತ್ತದೆ ಎಂದು ನಾನು ಹೇಳಿದ್ದನ್ನು ನಂಬಿಯೇ ಅವರು ಒಳಗೆ ಹೋದದ್ದಂತೆ. ಮಂಡ್ಯದ ಅಜ್ಜನೂ ಹೆಬ್ಬೆರಳಲ್ಲಿ ಕೇಳಿದ್ದು ಅದನ್ನೇ ತಾನೆ. ಫೋಟೊಗಳು ಈಗ ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿವೆ.

ಮುಂಬಾಗಿಲ ಬೀಗ ನಾನೇ ತೆಗೆಯುತ್ತೇನೆ. ದೋಸೆ ಮಗುಚುತ್ತೇನೆ. ಹೊದಿಕೆ ಹಿಂಡುವುದು ಮಾತ್ರ ನಮ್ಮನೆಯವರ ಪಾಲಿಗೆ ಹೋಗಿದ್ದು ವಾಪಸ್ ಬಂದಿಲ್ಲ. ಆ ಬೀರುವಿನ ಬೀಗವೂ ಅವರದ್ದೇ. ಅದು ಮೊದಲಿಂದಲೂ ಬಿಗಿ, ನನ್ನ ಮಣಿಕಟ್ಟಿನ ತಪ್ಪಲ್ಲ. ಎರಡು ಹನಿ ಎಣ್ಣೆ ಬಿಡಿ ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನೆ.