ಛಾಪಿಲ್ಲದ ಬೆಳ್ಳಿ

ಬೆಳ್ಳಿಯ ಚಮಚಗಳನ್ನು ಕೂಡಿಹಾಕುವುದು ಸಿರಿವಂತರ ಚಟವೆಂದು ಭಾವಿಸುವವರೇ ಹೆಚ್ಚು. ನನ್ನ ಸಂಗ್ರಹವನ್ನು ನೋಡಿದವರಿಗೆ ಆ ಭಾವನೆ ಉಳಿಯುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಸೇರಿದ್ದು ಒಟ್ಟು ಮೂವತ್ತೊಂದು ವಸ್ತು. ಅವುಗಳಲ್ಲಿ ಒಂಬತ್ತು ಬೆಳ್ಳಿಯೇ ಅಲ್ಲ. ಉಳಿದವು ತೀರ್ಥ ಕೊಡುವ ಉದ್ಧರಣೆಗಳು, ಕೂಸಿನ ಬಾಯಿಗೆ ಹಾಲು ಹನಿಸುವ ಒಳಲೆಗಳು, ಹೋಳಿಗೆಯ ಮೇಲೆ ತುಪ್ಪ ಬಡಿಸುವ ಮಿಳ್ಳೆಗಳು, ಎರಡು ಸಣ್ಣ ಸವಟುಗಳು, ಆರು ಇಂಗ್ಲಿಷ್ ಚಹದ ಚಮಚಗಳು. ಎಲ್ಲವೂ ಬೂಟಿನ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಅವುಗಳ ಬೆಲೆಗಿಂತ ಅವುಗಳ ಬೆನ್ನನ್ನು ಓದುವುದೇ ನನಗೆ ಮುಖ್ಯವಾಯಿತು. ಚಮಚದ ಮುಖ ಉಣ್ಣುವವರಿಗೆ, ಬೆನ್ನು ಓದುವವರಿಗೆ.

ಓದಲು ಕಲಿತದ್ದು ಇಂಗ್ಲಿಷ್ ಚಮಚಗಳಿಂದ. ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. ಹಳೆಯ ಗಿರಣಿ ಎಂದು ನಾವೆಲ್ಲ ಕರೆಯುವ ಬಟ್ಟೆಯ ಗಿರಣಿ ಆರಂಭವಾದದ್ದು ಮುಂದಿನ ದಶಕದಲ್ಲಿ. ರೈಲಿನ, ಸೈನ್ಯದ, ಕಚೇರಿಯ ಸಾಹೇಬರು ಬಂದರು. ಅವರ ಹಿಂದೆ ಅವರ ಚಹದ ಸಾಮಾನು ಬಂತು. ಅವರು ಹೋದ ಮೇಲೆ ಸಾಮಾನು ಉಳಿದು ಗುಜರಿ ಅಂಗಡಿಗೆ ಇಳಿಯಿತು. ಅಂಥದೊಂದು ಅಂಗಡಿಯಲ್ಲಿ, ತುಕ್ಕು ಹಿಡಿದ ಬೀಗದ ಕೈಗಳ ರಾಶಿಯಲ್ಲಿ, ನನ್ನ ಮೊದಲ ಚಮಚ ಸಿಕ್ಕಿತು. ಹಿಡಿಕೆಯ ಹಿಂಬದಿಯಲ್ಲಿ ಐದು ಪುಟ್ಟ ಗುರುತುಗಳು. ಭೂತಗನ್ನಡಿ ಹಿಡಿದಾಗ ಒಂದೊಂದೇ ಮಾತಾಡತೊಡಗಿದವು.

ಮೊದಲನೆಯದು ಮುಂಗಾಲೆತ್ತಿ ನಡೆಯುವ ಸಿಂಹ. 1544ರಿಂದ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಈ ಗುರುತು ಸಾವಿರ ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿ ಇದೆಯೆಂಬುದರ ಸಾಕ್ಷಿ. ಎರಡನೆಯದು ಹಡಗಿನ ಲಂಗರು. ಅದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಗುರುತು. ಆ ಊರಿನ ಸುತ್ತ ಸಮುದ್ರವೇ ಇಲ್ಲವೆಂಬುದು ಬೇರೆ ಮಾತು. ಲಂಡನ್ನಿನದಾದರೆ ಚಿರತೆಯ ತಲೆ ಇರುತ್ತದೆ, ಹಳೆಯ ಶೆಫೀಲ್ಡಿನದಾದರೆ ಕಿರೀಟ. ಮೂರನೆಯದು ಒಂದು ಅಕ್ಷರ; ವರ್ಷಕ್ಕೊಂದರಂತೆ ಬದಲಾಗುವ ಈ ಅಕ್ಷರದಿಂದ ಪರೀಕ್ಷೆಯ ವರ್ಷ ತಿಳಿಯುತ್ತದೆ. ನನ್ನ ಚಮಚದ್ದು 1876. ನಾಲ್ಕನೆಯದು ಮಾಡಿದವರ ಹೆಸರಿನ ಮೊದಲಕ್ಷರಗಳು. ಐದನೆಯದು ವಿಕ್ಟೋರಿಯಾ ರಾಣಿಯ ತಲೆ. ಅದು ಅಲಂಕಾರವಲ್ಲ, ಸುಂಕ ಸಂದಿದೆಯೆಂಬುದರ ರಸೀದಿ. 1784ರಿಂದ 1890ರವರೆಗೆ ಅಲ್ಲಿ ಬೆಳ್ಳಿಯ ಮೇಲೆ ಸುಂಕವಿತ್ತು. ಸುಂಕ ಕಟ್ಟಿದ ವಸ್ತುವಿಗೆ ಆಳುವ ದೊರೆಯ ತಲೆಯನ್ನು ಒತ್ತುತ್ತಿದ್ದರು. ಲಂಡನ್ನಿನ ಅಕ್ಕಸಾಲಿಗರ ಸಂಘದ ಸಭಾಭವನಕ್ಕೆ, ಅಂದರೆ ‘ಹಾಲ್’ಗೆ, ಒಯ್ದು ಗುರುತು ಹಾಕಿಸುತ್ತಿದ್ದುದರಿಂದಲೇ ‘ಹಾಲ್‌ಮಾರ್ಕ್’ ಎಂಬ ಹೆಸರು.

ಬೆಳ್ಳಿಯಲ್ಲದ ಒಂಬತ್ತು ಚಮಚಗಳಿಗೂ ಒಂದು ವಿದ್ಯೆಯಿದೆ. ಅವುಗಳ ಬೆನ್ನ ಮೇಲೆ ಇ, ಪಿ, ಎನ್, ಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು, ಒಂದೊಂದಕ್ಕೂ ಬೇರೆ ಬೇರೆ ಚೌಕಟ್ಟು. ದೂರದಿಂದ ನೋಡಿದರೆ ಥೇಟ್ ಪರೀಕ್ಷಾಲಯದ ಗುರುತಿನ ಸಾಲೇ. ನಿಜವಾಗಿ ಅದು ನಿಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳುಪದರ ಹಿಡಿಸಿದ ಸಾಮಾನು. 1840ರಲ್ಲಿ ಎಲ್ಕಿಂಗ್‌ಟನ್ ಮನೆತನ ಈ ವಿಧಾನದ ಹಕ್ಕು ಪಡೆದ ಮೇಲೆ ಇಂಥವು ಜಗತ್ತಿನೆಲ್ಲೆಡೆ ಹರಡಿದವು. ಒಳಗಿನ ಆ ಲೋಹವನ್ನೇ ನಮ್ಮವರು ಜರ್ಮನ್ ಸಿಲ್ವರ್ ಎನ್ನುವುದು. ಅದರಲ್ಲಿ ತಾಮ್ರವಿದೆ, ನಿಕಲ್ ಇದೆ, ಸತುವಿದೆ. ಬೆಳ್ಳಿ ಮಾತ್ರ ಇಲ್ಲ. ಚಮಚದ ತುದಿ ಸವೆದಲ್ಲಿ ಹಳದಿ ಬಣ್ಣ ಇಣುಕಿದರೆ ಸಂಶಯಪಡಬೇಕು.

ಬ್ರಿಟಿಷರ ಕಾಲದ ಹಿಂದುಸ್ತಾನದಲ್ಲಿ ಇಂಥ ಸರಕಾರಿ ಪರೀಕ್ಷಾಲಯಗಳು ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿ, ಮದರಾಸಿನ ಪಿ. ಆರ್ ಅಂಡ್ ಸನ್ಸ್ ಮೊದಲಾದವರು ತಮ್ಮ ಹೆಸರನ್ನೇ ಒತ್ತಿ ಮಾರುತ್ತಿದ್ದರು. ಕಛ್ ಪ್ರಾಂತದ ಭುಜ್ ಊರಿನ ಊಮರ್ಸಿ ಮಾವ್ಜಿ ಎಂಬ ಮಹಾ ಕುಶಲಿ ತನ್ನ ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒತ್ತುತ್ತಿದ್ದ. ಇಂದು ಆ ಎರಡಕ್ಷರಕ್ಕಾಗಿ ಜಗತ್ತಿನ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ.

ಹಾಗಾದರೆ ನಮ್ಮ ಮನೆಗಳ ಬೆಳ್ಳಿ? ಅದರ ಬೆನ್ನ ಮೇಲೆ ಸಿಂಹವೂ ಇಲ್ಲ, ಲಂಗರೂ ಇಲ್ಲ. ಆರಂಭದಲ್ಲಿ ನಾನು ಅವುಗಳನ್ನು ಪೆಟ್ಟಿಗೆಯ ತಳದಲ್ಲಿಡುತ್ತಿದ್ದೆ. ಅವು ಮೇಲಕ್ಕೆ ಬಂದದ್ದು ತಕ್ಕಡಿಯ ದೆಸೆಯಿಂದ. ನಮ್ಮ ಮನೆಯ ಒಂದು ಒಳಲೆಯನ್ನು ತೂಗಿದೆ: 35 ಗ್ರಾಂ. ಪರಿಚಯದವರ ಮನೆಯ ಸವಟು: 58 ಗ್ರಾಂ. ನಮ್ಮ ಅಜ್ಜಿಯ ಮಿಳ್ಳೆ: 210 ಗ್ರಾಂ. ಒಂದು ತೊಲೆಗೆ 11.66 ಗ್ರಾಂ. ಲೆಕ್ಕ ಹಾಕಿದರೆ ಮೂರು ತೊಲೆ, ಐದು ತೊಲೆ, ಹದಿನೆಂಟು ತೊಲೆ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಸರಿಯಾಗಿ ಒಂದು ತೊಲೆ. ನಮ್ಮ ಹಿರಿಯರು ಪತ್ತಾರನ ಮುಂದೆ ರೂಪಾಯಿಗಳನ್ನೇ ಎಣಿಸಿಟ್ಟಿದ್ದರು. ಆತ ಅವುಗಳನ್ನು ಮೂಸೆಯಲ್ಲಿ ಕರಗಿಸಿ, ಬಡಿದು, ಒಳಲೆ ಮಾಡಿ ಕೊಟ್ಟಿದ್ದ.

ಇಲ್ಲಿಂದ ಮುಂದಿನ ಲೆಕ್ಕ ನನ್ನನ್ನು ಬೆರಗುಗೊಳಿಸಿತು. 1835ರಿಂದ 1940ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸಾವಿರಕ್ಕೆ 917. ಸಿಂಹದ ಗುರುತಿನ ಬೆಳ್ಳಿ 925. ಇಡೀ ಜಗತ್ತು ಮೆಚ್ಚುವ ಆಂಗ್ಲ ಬೆಳ್ಳಿಗೂ ನಮ್ಮ ಹಳ್ಳಿಯ ಒಳಲೆಗೂ ಸಾವಿರಕ್ಕೆ ಎಂಟು ಪಾಲಿನ ಅಂತರ! ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯನ್ನು ನೆನೆದು, ಕುತೂಹಲಕ್ಕೆ ಮೂರು ವಸ್ತುಗಳನ್ನು ಕ್ಷ-ಕಿರಣದ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದೆ. 911, 905, 898 ಎಂದು ಬಂತು. ಬೆಸುಗೆಗೆ ಸೇರಿಸಲೇಬೇಕಾದ ಮಿಶ್ರಣವನ್ನು ಕಳೆದರೆ ಆ ಪತ್ತಾರರು ಗಾದೆಯನ್ನು ಸುಳ್ಳು ಮಾಡಿದ್ದಾರೆ. ಗಾದೆ ಕಟ್ಟಿದವನಿಗೆ ಬೇರೆ ಯಾರೋ ಗಂಟುಬಿದ್ದಿರಬೇಕು.

ಮತ್ತೊಂದು ಸಂಗತಿ. ಆ ರೂಪಾಯಿಯ ಮೇಲೂ ಅದೇ ರಾಣಿಯ ತಲೆಯಿತ್ತು. ಬರ್ಮಿಂಗ್‌ಹ್ಯಾಮಿನ ಚಮಚದಲ್ಲಿ ರಾಣಿ ಉಳಿದಳು. ನಮ್ಮ ಒಳಲೆಯಲ್ಲಿ ಕರಗಿಹೋದಳು. ನಮ್ಮ ಬೆಳ್ಳಿಗೆ ಛಾಪಿರಲಿಲ್ಲವೆಂದಲ್ಲ. ಇತ್ತು; ಬೆಂಕಿಗೆ ಬೀಳುವ ಮೊದಲು ಇತ್ತು. ಹಳಬರು ‘ರಾಣಿ ಛಾಪಿನ ಬೆಳ್ಳಿ’ ಎಂದು ಒತ್ತಿ ಹೇಳುತ್ತಿದ್ದುದರ ಅರ್ಥ ಇದೇ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದ ಮೇಲೆ ಆ ಮಾತಿಗೆ ಇನ್ನಷ್ಟು ತೂಕ ಬಂದಿರಬೇಕು.

ಅದಕ್ಕೂ ಮೊದಲು, ಪೇಶವೆಯರ ಕಾಲದಲ್ಲಿ, ಒಂದೊಂದು ಪೇಟೆಯಲ್ಲಿ ಒಂದೊಂದು ರೂಪಾಯಿ. ಪುಣೆಯ ಅಂಕುಶಿ ರೂಪಾಯಿ ಬೇರೆ, ಉಳಿದ ಟಂಕಸಾಲೆಗಳದ್ದು ಬೇರೆ. ಯಾವುದರಲ್ಲಿ ಎಷ್ಟು ಬೆಳ್ಳಿ ಎಂದು ಹೇಳುವವರು ಬೇಕಿತ್ತು. ಆ ಕೆಲಸಕ್ಕೆ ಊರಿನಲ್ಲೇ ಒಬ್ಬ ಪೋತದಾರನಿದ್ದ. ನಾಣ್ಯ ಪರೀಕ್ಷೆಯೂ ಅವನದೇ, ಅಕ್ಕಸಾಲಿಕೆಯೂ ಅವನದೇ. ಇಂದು ನಮ್ಮ ಭಾಗದಲ್ಲಿ ಅಡ್ಡಹೆಸರಾಗಿ ಉಳಿದಿರುವ ಪೋತದಾರ ಎಂಬ ಶಬ್ದ ಮೂಲತಃ ಒಂದು ಹುದ್ದೆ. ಲಂಡನ್ನಿನಲ್ಲಿ ಒಂದು ಸಭಾಭವನ ಮಾಡುತ್ತಿದ್ದುದನ್ನು ನಮ್ಮ ಹಳ್ಳಿಗಳಲ್ಲಿ ಒಂದು ಒರೆಗಲ್ಲು, ಒಂದು ಜೊತೆ ಕಣ್ಣು ಮಾಡುತ್ತಿದ್ದವು. ಆತ ಮೋಸ ಮಾಡಿದರೆ ಮರುದಿನ ಅದೇ ಊರಿನ ಬಾವಿಗೆ ನೀರಿಗೆ ಬರಬೇಕಿತ್ತು.

ಬೆಳ್ಳಿ ಎದುರು ದಿಕ್ಕಿಗೂ ಹರಿದಿದೆ. ನನ್ನ ಚಮಚ ಬರ್ಮಿಂಗ್‌ಹ್ಯಾಮಿನಲ್ಲಿ ಸಿದ್ಧವಾದ 1876ರಲ್ಲೇ ಸೊಲ್ಲಾಪುರ ಸೀಮೆಗೆ ಮಹಾಬರ ಬಿತ್ತು. ಎರಡು ವರ್ಷ ಬಾಧಿಸಿದ ಆ ಬರದಲ್ಲಿ ದಖ್ಖನಿನ ಮನೆಗಳ ಬೆಳ್ಳಿ ಕಾಳಿಗಾಗಿ ಮಾರಾಟವಾಗಿ ಮುಂಬಯಿಯ ಟಂಕಸಾಲೆಗೆ ಹೋಯಿತು. ಒಡವೆಯಾಗಿ ಹೋದದ್ದು ರೂಪಾಯಿಯಾಗಿ ಹೊರಬಂತು. ಅದಕ್ಕಿಂತ ಹಿಂದಿನ ಬೆಳ್ಳಿ ನಮ್ಮ ಸೀಮೆಯಲ್ಲಿ ನನ್ನ ಕೈಗೆ ಒಂದೂ ಸಿಕ್ಕಿಲ್ಲ.

ನಮ್ಮ ಮನೆಗಳ ಬೆಳ್ಳಿಯ ಮೇಲೆ ಇನ್ನೊಂದು ಬಗೆಯ ಗುರುತುಂಟು: ಚಾಣದಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಹೆಸರು. ಮದುವೆಯಲ್ಲಿ ಕೊಟ್ಟವರ ಹೆಸರು, ಪಡೆದವಳ ಹೆಸರು, ಒಮ್ಮೊಮ್ಮೆ ಊರಿನ ಹೆಸರು. ನನ್ನೂರು ಮಂಗಳವೇಢೆ ತಾಲೂಕಿನ ಹುಲಜಂತಿ. ಮಹಾಲಿಂಗರಾಯನ ದೀಪಾವಳಿ ಜಾತ್ರೆಗೆ ಬಂದವರಿಗೆ ಆ ಊರು ಗೊತ್ತು. ಅಮಾವಾಸ್ಯೆಯ ಇರುಳಿನ ಮುಂಡಾಸು, ಪಲ್ಲಕ್ಕಿಗಳ ಭೇಟಿ, ಆಕಾಶವನ್ನೇ ಹಳದಿಗೊಳಿಸುವ ಭಂಡಾರ. ಅಲ್ಲಿ ಡೊಳ್ಳಿನ ಹಾಡು ಕನ್ನಡ, ಕಚೇರಿಯ ಕಾಗದ ಮರಾಠಿ. ಈ ಎರಡೂ ನಮ್ಮ ಬೆಳ್ಳಿಯ ಮೇಲಿವೆ. ನನ್ನ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರದ ಉದ್ಧರಣೆಯಿದೆ, ಬಾಳಬೋಧದ ಸವಟಿದೆ, ಮೋಡಿ ಲಿಪಿಯ ಒಂದು ಒಳಲೆಯೂ ಇದೆ. ಒಂದೇ ಮನೆಯ ಎರಡು ಚಮಚಗಳಲ್ಲಿ ಅತ್ತೆಯ ಹೆಸರು ಕನ್ನಡದಲ್ಲಿ, ಸೊಸೆಯ ಹೆಸರು ಬಾಳಬೋಧದಲ್ಲಿ. ನಡುವೆ ಶಾಲೆ ಬದಲಾಗಿದೆ. ಗಡಿಯ ಕುರಿತು ಬರೆದ ದಪ್ಪ ವರದಿಗಳಲ್ಲಿ ಇಂಥ ಸಾಕ್ಷ್ಯವನ್ನು ಯಾರೂ ಕೇಳಿಲ್ಲ.

ನಮ್ಮ ಅಜ್ಜಿಯ ಮಿಳ್ಳೆಯ ಮೇಲಿರುವುದು ಮೂರಕ್ಷರದ ಆಕೆಯ ಹೆಸರು, ಕನ್ನಡದಲ್ಲಿ. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ ಹಬ್ಬದ ಅಡುಗೆಯ ಗದ್ದಲದಲ್ಲಿ ಹತ್ತು ಮನೆಯ ಪಾತ್ರೆಗಳ ನಡುವೆ ತನ್ನದನ್ನು ಬೆರಳಾಡಿಸಿ ಗುರುತಿಸುತ್ತಿದ್ದಳಂತೆ.

ಕಳೆದ ವರ್ಷ ಬೆಳ್ಳಿಯ ದರ ಕಿಲೋಗೆ ಲಕ್ಷ ರೂಪಾಯಿ ದಾಟಿ ಏರುತ್ತಲೇ ಹೋದಾಗ ಹಳೆಯ ಸಾಮಾನೆಲ್ಲ ಅಂಗಡಿಯ ದಾರಿ ಹಿಡಿಯಿತು. ನಮ್ಮ ಮನೆಯಲ್ಲೂ ಅಣ್ಣನ ಮಗಳ ಮದುವೆ ಗೊತ್ತಾಗಿತ್ತು. ವೈನಿ ಎರಡು ತಾಟು, ನಾಲ್ಕು ಬಟ್ಟಲು, ಅಜ್ಜಿಯ ಮಿಳ್ಳೆ ಎಲ್ಲವನ್ನೂ ಗಂಟು ಕಟ್ಟಿ ಪೇಟೆಗೆ ಒಯ್ದಿದ್ದರು. ಅಂಗಡಿಯಾತ ಮಿಳ್ಳೆಯನ್ನು ತಿರುಗಿಸಿ ನೋಡಿ, ಹಾಲ್‌ಮಾರ್ಕ್ ಇಲ್ಲವೆಂದು ಮೂರರಲ್ಲೊಂದು ಪಾಲು ಕಡಿತ ಹೇಳಿದ್ದ.

“ತಮ್ಮಾ, ಶಿಕ್ಕಾ ಇಲ್ಲದ ಬೆಳ್ಳಿ ಇಟಗೊಂಡು ಏನ್ ಮಾಡೂದು?” ಎಂದು ವೈನಿ ಫೋನಿನಲ್ಲಿ ಕೇಳಿದರು.

ನಾನು ಊರಿಗೆ ಹೋದೆ. ತೊಲೆಯ ಲೆಕ್ಕ ಹೇಳಿದೆ, ರೂಪಾಯಿಯ ಲೆಕ್ಕ ಹೇಳಿದೆ. ಅಂಗಡಿಯಾತ ಹೇಳಿದ್ದಕ್ಕಿಂತ ಹೆಚ್ಚು ಹಣ ಕೊಟ್ಟು ಮಿಳ್ಳೆಯನ್ನು ನಾನೇ ಇಟ್ಟುಕೊಳ್ಳುತ್ತೇನೆಂದೂ ಹೇಳಿದೆ. ವೈನಿ ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದಿದ್ದರು. ಆಮೇಲೆ ಅಂದರು:

“ಹಂಗಾದ್ರ ಮಾರೂದಿಲ್ಲ ಬಿಡು. ನಿನಗೂ ಕೊಡೂದಿಲ್ಲ. ನಿನ್ನ ಪೆಟಿಗ್ಯಾಗ ಇಟ್ರ ತುಪ್ಪ ಯಾರಿಗೆ ಬಡಸತದ?”

ಸಂಗ್ರಾಹಕನ ಎದೆಗೆ ಇದು ನಾಟುವ ಮಾತು. ಉತ್ತರ ಹುಡುಕಿದೆ, ಸಿಗಲಿಲ್ಲ. ಮದುವೆಯ ಮರುದಿನ ಅಳಿಯನ ಹೋಳಿಗೆಯ ಮೇಲೆ ಅದೇ ಮಿಳ್ಳೆಯಿಂದ ತುಪ್ಪ ಬಿತ್ತು. ಮಿಳ್ಳೆಯ ತುಟಿ ಎಡಕ್ಕೆ ತುಸು ಸವೆದಿರುವುದನ್ನು ಅಂದು ಕಂಡೆ. ಅಷ್ಟು ವರ್ಷ ಬಲಗೈಯಿಂದ ಬಡಿಸಿದ ಸವೆತ ಅದು. ಹಳೆಯ ಚಮಚಗಳಲ್ಲೂ ಸಾಮಾನ್ಯವಾಗಿ ಎಡ ಅಂಚೇ ಸವೆದಿರುತ್ತದೆ.

ಈ ಸಂಚಿಕೆಯನ್ನು ಓದುವ ಮನೆಗಳಲ್ಲಿಯೂ ಹಳೆಯ ಬೆಳ್ಳಿ ಇದ್ದೇ ಇರುತ್ತದೆ. ಮಾರಬೇಡಿರೆಂದು ಹೇಳಲು ನಾನು ಯಾರು? ಬರಗಾಲದಲ್ಲಿ ಬೆಳ್ಳಿ ಮನೆಯವರನ್ನು ಬದುಕಿಸಿದೆ. ಮಾರುವುದಕ್ಕೆಂದೇ ಅದು ಇದ್ದದ್ದು. ಮಾರುವ ಮೊದಲು ತೂಕವನ್ನು 11.66ರಿಂದ ಭಾಗಿಸಿ ನೋಡಿರಿ. ಶುದ್ಧತೆಯನ್ನು ಕೊಳ್ಳುವವನ ಬಾಯಿಂದ ಕೇಳದೆ ಯಂತ್ರದಿಂದ ತಿಳಿಯಿರಿ. ಅಕ್ಷರವಿದ್ದಲ್ಲಿ ತೆಳ್ಳನೆಯ ಕಾಗದವಿಟ್ಟು ಮೇಲೆ ಪೆನ್ಸಿಲ್ ಉಜ್ಜಿ ಪ್ರತಿ ತೆಗೆದುಕೊಳ್ಳಿರಿ. ವಿಭೂತಿಯಿಂದ ಬೆಳ್ಳಿ ತಿಕ್ಕುವ ಪದ್ಧತಿ ನಮ್ಮಲ್ಲಿದೆ; ತಿಕ್ಕಿರಿ, ಆದರೆ ಹೆಸರಿನ ಮೇಲೆ ಹಗುರಾಗಿ.

ಹೊಸ ಬೆಳ್ಳಿಗೂ ಈಗ ಛಾಪು ಬಂದಿದೆ. ಭಾರತೀಯ ಮಾನಕ ಬ್ಯೂರೋ 2005ರಲ್ಲಿಯೇ ಬೆಳ್ಳಿಗೆ ಹಾಲ್‌ಮಾರ್ಕ್ ಆರಂಭಿಸಿತ್ತು. 2025ರ ಸೆಪ್ಟೆಂಬರ್ 1ರಿಂದ ಬ್ಯೂರೋದ ಗುರುತು, ಶುದ್ಧತೆಯ ಅಂಕಿ, ಪ್ರತಿ ವಸ್ತುವಿಗೂ ಬೇರೆಯಾದ ಆರಕ್ಷರದ ಸಂಕೇತ ಇವನ್ನು ಒತ್ತುವ ಕ್ರಮ ಬಂದಿದೆ. ಸದ್ಯಕ್ಕೆ ಕಡ್ಡಾಯವಿಲ್ಲ. ಆ ಸಂಕೇತವನ್ನು ಮೊಬೈಲಿನಲ್ಲಿ ಒತ್ತಿದರೆ ವಸ್ತುವಿನ ವಿವರ ತೆರೆದುಕೊಳ್ಳುತ್ತದೆ.

ತಾಟು ಬಟ್ಟಲುಗಳಿಗೆ ಬದಲಾಗಿ ವೈನಿ ಮಗಳಿಗೆ ಅಂಥದೊಂದು ಹೊಸ ಚಮಚ ಕೊಂಡರು. ಹೆಸರು ಹಾಕಿಸಲು ನನ್ನನ್ನು ಕಳಿಸಿದರು. ಸೊಲ್ಲಾಪುರದ ಓಣಿಯೊಂದರಲ್ಲಿ ಸಣ್ಣ ಯಂತ್ರ ಹಿಡಿದು ಕುಳಿತ ಹುಡುಗ, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಎಂದು ಕೇಳಿದ. ಕನ್ನಡದಲ್ಲಿ ಎಂದೆ. ತನಗೆ ಬರುವುದಿಲ್ಲವೆಂದ. ಹಾಳೆಯ ಮೇಲೆ ದೊಡ್ಡದಾಗಿ ಬರೆದು ಅವನ ಮುಂದಿಟ್ಟೆ. ಹುಡುಗ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಿ ಖಚಿತಪಡಿಸಿಕೊಂಡು, ಅಕ್ಷರ ಓದದೆಯೇ ಒಂದೊಂದು ಸುರುಳಿಯನ್ನೂ ಇದ್ದ ಹಾಗೆ ಕೊರೆದ. ಮುಗಿದ ಮೇಲೆ ಏನು ಬರೆದೆನೆಂದು ಕೇಳಿದ. ಓದಿ ಹೇಳಿದೆ.